ಮಕಾವಿನ ದೇವಿಯ ತೋಳಿನ ದಾರ

ಹೂವು ಬಲಕ್ಕೆ ಬಿದ್ದರೆ ಹೌದು, ಎಡಕ್ಕೆ ಬಿದ್ದರೆ ಬೇಡ. ಶಂಕರನಾರಾಯಣದ ಹತ್ತಿರದ ನಮ್ಮ ಊರಿನಲ್ಲಿ ಇದಕ್ಕೆ ಪ್ರಸಾದ ಕೇಳುವುದು ಎನ್ನುತ್ತಾರೆ. ಭಟ್ಟರು ಒದ್ದೆ ಹೂವೊಂದನ್ನು ದೇವಿಯ ಮುಡಿಗೆ ಅಂಟಿಸಿ, ನಮ್ಮ ಪ್ರಶ್ನೆಯನ್ನು ಅವಳಿಗೆ ಒಪ್ಪಿಸಿ, ಪಕ್ಕಕ್ಕೆ ಸರಿದು ನಿಲ್ಲುತ್ತಾರೆ. ಬಲ ಅಂದರೆ ದೇವಿಯ ಬಲ. ಎದುರು ನಿಂತ ನಮಗೆ ಅದು ಎಡ. ಬಾವಿ ತೋಡುವುದರಿಂದ ಹಿಡಿದು ಮಕ್ಕಳ ಮದುವೆಯವರೆಗೆ ನಮ್ಮ ಮನೆಯ ದೊಡ್ಡ ತೀರ್ಮಾನಗಳೆಲ್ಲ ಹೀಗೆಯೇ ಆದವು. ನನಗೆ ಇಪ್ಪತ್ತಾರು ವರ್ಷವಾಗಿದ್ದಾಗ, ನಾನೇ ಮೆಚ್ಚಿ ಮನೆಗೆ ಕರೆತಂದಿದ್ದ ಒಬ್ಬನ ವಿಷಯದಲ್ಲಿ ಹೂವು ಎಡಕ್ಕೆ ಬಿತ್ತು. ಅಂದಿನಿಂದ ಆ ಹೂವನ್ನು ನಂಬುವುದನ್ನು ಬಿಟ್ಟೆ. ಹಾಗೆ ಹೇಳುವುದೂ ಪೂರ್ತಿ ಸರಿಯಲ್ಲ. ಅದಕ್ಕೂ ಮೊದಲು ನಂಬಿದ್ದೆನೋ ಇಲ್ಲವೋ ನನಗೆ ನೆನಪಿಲ್ಲ.

ಈಗ ಬರೆಯಲು ಹೊರಟಿರುವ ಸಂಗತಿ ನನ್ನ ಅಪನಂಬಿಕೆಯನ್ನು ಸೋಲಿಸಿತು ಎಂದು ಓದುವವರು ತಿಳಿಯಬಾರದು. ಸೋಲಿಸಲಿಲ್ಲ. ಆದರೆ ಅದು ನಡೆಯಿತು. ಎರಡನ್ನೂ ಒಟ್ಟಿಗೆ ಹೇಳುವುದಕ್ಕೆ ಇಷ್ಟು ವರ್ಷ ಬೇಕಾಯಿತು.

ನಾನು ಬ್ರಹ್ಮಾವರದ ಕಡೆಯ ಕಾಲೇಜೊಂದರಲ್ಲಿ ಇತಿಹಾಸ ಪಾಠ ಮಾಡುವವಳು. ಒಬ್ಬನೇ ಸಾಕ್ಷಿ ಹೇಳಿದ್ದನ್ನು ನಂಬಬೇಡಿ, ಹೇಳಿದವನಿಗೆ ಅದರಿಂದ ಏನು ಲಾಭ ಎಂದು ಮೊದಲು ಕೇಳಿ ಎಂದು ಪ್ರತಿ ವರ್ಷ ಮಕ್ಕಳಿಗೆ ಹೇಳುತ್ತೇನೆ. ನನ್ನ ನೆನಪಿನ ಮೇಲೂ ನನಗೆ ಅಷ್ಟೇ ಅನುಮಾನ. ಆದ್ದರಿಂದಲೇ ಕಾಲೇಜು ದಿನಗಳಿಂದ ಡೈರಿ ಬರೆಯುತ್ತ ಬಂದಿದ್ದೇನೆ. ಈ ಬರಹಕ್ಕೂ ಆ ವರ್ಷದ ಡೈರಿಯನ್ನು ತೆರೆದಿಟ್ಟುಕೊಂಡೇ ಕೂತಿದ್ದೇನೆ.

ಅಮ್ಮ ನನ್ನ ಜೊತೆಗೇ ಇದ್ದಾಳೆ. ಹೊಲಿಗೆ ಅವಳ ಕಸುಬು. ನಮ್ಮ ಬೀದಿಯ ಅರ್ಧದಷ್ಟು ಹೆಂಗಸರ ರವಿಕೆ ಅವಳ ಕೈಯಿಂದಲೇ ಆಗಬೇಕು. ಜಗತ್ತಿನ ಎಲ್ಲ ಅಳತೆಯನ್ನೂ ಟೇಪಿನಲ್ಲಿ ತೆಗೆಯುವ ಅವಳು, ತನ್ನ ಎಡ ಎದೆಯಲ್ಲಿ ಆಗಿದ್ದ ಗಂಟನ್ನೂ ತಾನೇ ಮೊದಲು ಕಂಡುಕೊಂಡಳು. ಆಸ್ಪತ್ರೆಗೆ ಕರೆದುಕೊಂಡು ಹೋದೆ. ಆಪರೇಷನ್ ಆಗಲೇಬೇಕು, ತಡ ಮಾಡಬೇಡಿ ಎಂದರು ಡಾಕ್ಟರು. ಅಮ್ಮ ಸರಿ ಎಂಬಂತೆ ತಲೆಯಾಡಿಸಿದಳು. ಮನೆಗೆ ಬಂದು ಮರುದಿನ ನನಗೆ ಹೇಳದೆ ಬಸ್ಸು ಹಿಡಿದು ಊರಿಗೆ ಹೋಗಿ ಪ್ರಸಾದ ಕೇಳಿದಳು. ಹೂವು ಎಡಕ್ಕೆ ಬಿತ್ತಂತೆ.

"ದೇವಿ ಬೇಡ ಅಂತ್ ಹೇಳಿದ್ಳ್. ಇನ್ನ್ ನೀ ಎಂತ ಹೇಳುದೂ ಬೇಡ" ಎಂದಳು.

ಹದಿನೈದು ದಿನ ಜಗಳವಾಡಿದೆ. ಡಾಕ್ಟರ ಹತ್ತಿರ ಫೋನಿನಲ್ಲಿ ಮಾತನಾಡಿಸಿದೆ. ಅತ್ತು ಕರೆದೆ. ಊಟ ಬಿಟ್ಟೆ. ಅವಳು ನನ್ನ ತಟ್ಟೆ ಮುಚ್ಚಿಟ್ಟು ಹೊಲಿಗೆಗೆ ಕೂರುತ್ತಿದ್ದಳು, ಅಷ್ಟೇ. ಆ ದಿನಗಳ ನನ್ನ ಡೈರಿಯಲ್ಲಿ ಬರೀ ಒಂದೊಂದು ಸಾಲು ಇದೆ: ಇಂದೂ ಒಪ್ಪಲಿಲ್ಲ.

ಅದರ ನಡುವೆಯೇ ಮಕಾವಿಗೆ ಹೋಗುವ ದಿನ ಬಂತು. ಮಕಾವ್ ಅಂದರೆ ಚೀನಾದ ದಕ್ಷಿಣದ ಅಂಚಿನಲ್ಲಿ, ಪೋರ್ಚುಗೀಸರು ನಾನೂರು ವರ್ಷಕ್ಕೂ ಹೆಚ್ಚು ಕಾಲ ಕೂತಿದ್ದ ಒಂದು ಚಿಕ್ಕ ಕರಾವಳಿ ಊರು. ಹಳೆಯ ಬಂದರುಗಳ ಬಗ್ಗೆ ಅಲ್ಲೊಂದು ಎರಡು ದಿನದ ವಿಚಾರ ಸಂಕಿರಣವಿತ್ತು. ಬಸ್ರೂರಿನ ಅಕ್ಕಿ, ಮೆಣಸಿನ ವ್ಯಾಪಾರದ ಬಗ್ಗೆ ನಾನು ಪ್ರಬಂಧ ಓದಬೇಕಿತ್ತು. ಹೋಗುವುದಿಲ್ಲ ಎಂದೆ. "ಹೋಗ್ ಬಾ. ನೀ ಇಲ್ಲಿದ್ರೆ ನಂಗೆ ತಲಿಬ್ಯಾನಿ" ಎಂದಳು ಅಮ್ಮ. ಅವಳ ತಮ್ಮ ರಘು ಮಾವ ಅಲ್ಲಿ ಒಂದು ಭಾರತೀಯ ಹೋಟೆಲಿನಲ್ಲಿ ಅಡುಗೆಯ ಮುಖ್ಯಸ್ಥ. ಅವನಿಗೆ ಕೊಡಲು ಅಮ್ಮ ಎರಡು ಬಾಟಲಿ ಮಿಡಿ ಉಪ್ಪಿನಕಾಯಿ ಕಟ್ಟಿದಳು. ನನ್ನ ಮುಖ ಮಾತ್ರ ನೋಡಲಿಲ್ಲ.

ಸಂಕಿರಣ ಮುಗಿದ ಮೇಲೆ ಎರಡು ದಿನ ಮಾವನ ಜೊತೆ ಉಳಿದೆ. ಮೊದಲನೆಯ ದಿನ ಅವನು ನನ್ನನ್ನು ಊರಿನ ತುದಿಯಲ್ಲಿರುವ ಹಳೆಯ ಮೀನುಗಾರರ ಕೇರಿಗೆ ಕರೆದುಕೊಂಡು ಹೋದ. ಬಸ್ಸಿನಿಂದ ಇಳಿಯುತ್ತಲೇ ಒಣಮೀನಿನ ವಾಸನೆ. ಗಂಗೊಳ್ಳಿಯಲ್ಲಿ ಇಳಿದ ಹಾಗೆಯೇ ಆಯಿತು. ನೆಲಕ್ಕೆ ಹಾಸಿದ ಕಪ್ಪು ಬಿಳಿ ಕಲ್ಲಿನಲ್ಲಿ ಅಲೆಯ ಚಿತ್ತಾರ. ಗೋಡೆಯ ನೀಲಿ ಹೆಂಚಿನ ಮೇಲೆ ಬೀದಿಯ ಹೆಸರು ಚೀನಿಯಲ್ಲಿ ಒಮ್ಮೆ, ಪೋರ್ಚುಗೀಸಿನಲ್ಲಿ ಒಮ್ಮೆ. ಹಳದಿ ಬಣ್ಣದ ಪುಟ್ಟ ಇಗರ್ಜಿಯೊಳಗೆ ಚೀನಿ ಉಡುಪಿನ ಮೇರಿ, ಕಂಕುಳಲ್ಲಿ ಕೂಸು. ಊಟಕ್ಕೆ ಸಿಕ್ಕಿದ ಕೋಳಿಯಲ್ಲಿ ಅರಿಶಿನ, ತೆಂಗಿನ ಹಾಲು ಎರಡೂ ಇದ್ದವು. ಮಾವ ಮಾತ್ರ ಹುರಿದ ಮೀನು ತರಿಸಿಕೊಂಡ.

"ಇಲ್ಲಿನ ಹಳೇ ಜನ ಚೀನಾದವ್ರೂ ಅಲ್ಲ, ಪೋರ್ಚುಗೀಸ್ರೂ ಅಲ್ಲ" ಎಂದ ಮಾವ. "ನಾವ್ ಕುಂದಾಪ್ರದವ್ರ್ ಇಲ್ಯಾ? ಮಂಗ್ಳೂರವ್ರಿಗೆ ನಾವ್ ತುಳುವ್ರಲ್ಲ, ಘಟ್ಟದವ್ರಿಗೆ ನಮ್ ಮಾತೇ ಕನ್ನಡ ಅಲ್ಲ. ಹಾಂಗೇ ಇವ್ರೂ."

ಕೇರಿಯ ಕೊನೆಯಲ್ಲಿ, ನೀರಿನ ಅಂಚಿಗೆ, ಒಂದು ಸಣ್ಣ ಗುಡಿ. ಕಡಲಿಗೆ ಹೋದವರನ್ನು ಕಾಯುವ ದೇವಿಯಂತೆ. ಅದರ ಬಾಗಿಲಲ್ಲಿ ನಿಂತಾಗ ನನಗೊಂದು ಉಪಾಯ ಹೊಳೆಯಿತು. ಅಮ್ಮ ಕೇಳುವುದು ಹೂವಿನ ಮಾತನ್ನು ಮಾತ್ರ ತಾನೆ? ಹಾಗಾದರೆ ಇಲ್ಲಿ ಪ್ರಸಾದ ಕೇಳುತ್ತೇನೆ. ಹೂವು ಎತ್ತ ಬಿದ್ದರೂ ಬಲಕ್ಕೆ ಬಿತ್ತು ಎಂದು ಅಮ್ಮನಿಗೆ ಹೇಳುತ್ತೇನೆ. ಇದ್ದದ್ದನ್ನು ಇದ್ದ ಹಾಗೆಯೇ ಬರೆಯುತ್ತಿದ್ದೇನೆ: ಭಕ್ತಿಯಿಂದಲ್ಲ, ಸುಳ್ಳು ಹೇಳುವುದಕ್ಕೆಂದೇ ನಾನು ಆ ಗುಡಿಯ ಒಳಗೆ ಹೋದದ್ದು. ಕೇಳದೆಯೇ ಸುಳ್ಳು ಹೇಳಬಹುದಿತ್ತು. ಆದರೆ ಅಮ್ಮ ದೇವಿಯ ಸೀರೆಯ ಬಣ್ಣ ಏನು, ಹೂವು ಯಾವುದು ಎಂದೆಲ್ಲ ಕೇಳುವವಳು. ವಿವರ ಸರಿ ಇರಬೇಕಿತ್ತು.

ಮಾವ ಒಳಗೆ ಬರಲಿಲ್ಲ. "ಮೀನ್ ತಿಂದ್ಕಂಡ್ ದೇವಸ್ಥಾನಕ್ಕೆ ಹ್ಯಾಂಗ್ ಬಪ್ಪುದ್? ನೀ ಹೋಯ್ ಬಾ" ಎಂದು, ನಾನು ಕೋಳಿ ತಿಂದದ್ದನ್ನು ಮರೆತು, ಹೊರಗಿನ ಕಟ್ಟೆಯ ಮೇಲೆ ಕೂತ. ಒಳಗೆ ಹೋಗಿ ನೋಡಿದರೆ, ದೇವಿಯ ಎದುರಿಗೇ ಯಾರೋ ಇಡೀ ಹಂದಿಯನ್ನು ಹುರಿದು ಕೆಂಪಗೆ ಮಾಡಿ ನೈವೇದ್ಯಕ್ಕೆ ಇಟ್ಟಿದ್ದರು.

ಮಧ್ಯಾಹ್ನ ಮೂರು ಗಂಟೆ. ಸುರುಳಿ ಊದುಬತ್ತಿಗಳು ಮಾಡಿನಿಂದ ತೂಗುತ್ತಿದ್ದವು. ಕಾವಲಿನ ಮುದುಕಿಯೊಬ್ಬಳು ಕುರ್ಚಿಯ ಮೇಲೆ ಕೂತಿದ್ದಳು. ನನ್ನ ನೆನಪಿನಲ್ಲಿ ಅವಳ ಅಂಗಿ ನೀಲಿ. ಡೈರಿಯಲ್ಲಿ ಕಪ್ಪು ಎಂದಿದೆ. ಡೈರಿಯೇ ಸರಿ ಇರಬೇಕು. ದೇವಿಯದು ಆಳೆತ್ತರಕ್ಕಿಂತ ಚಿಕ್ಕ ಮರದ ವಿಗ್ರಹ, ಅದಕ್ಕೆ ಕೆಂಪು ರೇಷ್ಮೆಯ ನಿಲುವಂಗಿ, ಅಗಲವಾದ ತೋಳು, ಮಣಿಗಳ ಕಿರೀಟ. ತಟ್ಟೆಯಲ್ಲಿದ್ದ ಬಿಳಿ ಸಂಪಿಗೆಯೊಂದನ್ನು ನೀರಿನ ಬಟ್ಟಲಿನಲ್ಲಿ ಅದ್ದಿ, ಕೈ ಚಾಚಿ, ಕಿರೀಟಕ್ಕೆ ಅಂಟಿಸಿದೆ. ನಮ್ಮೂರಿನಲ್ಲಿ ನನ್ನಂಥವಳು ವಿಗ್ರಹ ಮುಟ್ಟುವುದಿರಲಿ, ಒಳಗಿನ ಹೊಸಿಲು ದಾಟುವಂತಿಲ್ಲ. ಮುದುಕಿ ಎದ್ದು ಬಂದಳು. ಬೈಯುತ್ತಾಳೆ ಎಂದುಕೊಂಡೆ. ಅವಳು ಅರ್ಧ ಚಂದ್ರನ ಆಕಾರದ ಎರಡು ಮರದ ತುಂಡುಗಳನ್ನು ತಂದು, ನೆಲಕ್ಕೆ ಹಾಕಿ, ಮಗುಚಿ ತೋರಿಸಿದಳು. ದೇವಿಯನ್ನು ಕೇಳುವ ಅವರ ರೀತಿ ಅದು. ನಾನು ತಲೆ ಅಲ್ಲಾಡಿಸಿ ಹೂವನ್ನು ತೋರಿಸಿದೆ, ಬಲಕ್ಕೊಮ್ಮೆ ಎಡಕ್ಕೊಮ್ಮೆ ಕೈ ಮಾಡಿದೆ. ಅವಳಿಗೆ ತಕ್ಷಣ ಅರ್ಥವಾಯಿತು. ಕುರ್ಚಿಯನ್ನು ಹತ್ತಿರ ಎಳೆದುಕೊಂಡು ನನ್ನ ಜೊತೆ ಕಾಯಲು ಕೂತಳು.

ಹೂವು ಸ್ವಲ್ಪ ಹೊತ್ತಿಗೆ ಕಿರೀಟದಿಂದ ಜಾರಿತು. ದೇವಿಯ ಬಲ ಭುಜಕ್ಕೆ ಬಿತ್ತು, ಅಲ್ಲಿಂದ ತೋಳಿನ ಮೇಲೆ ಉರುಳಿತು, ತೋಳಿನ ಅಂಚಿನ ಹತ್ತಿರ ನಿಂತುಬಿಟ್ಟಿತು. ಅರ್ಧ ಗಂಟೆ ಕಾದೆವು. ಮುದುಕಿ ತನ್ನ ಚಿನ್ನದ ಹಲ್ಲು ತೋರಿಸಿ ನಕ್ಕಳು. ಹೊರಗಿನಿಂದ ಮಾವ, "ಹ್ವಾಯ್, ಬಸ್ ಹೋತ್ತ್ ಕಾಣ್!" ಎಂದು ಕೂಗಿದ. ಹೊರಟೆ. ಫೋಟೋ ತೆಗೆಯಬಾರದು ಎಂಬ ಫಲಕ ಇದ್ದುದರಿಂದ ತೆಗೆಯಲಿಲ್ಲ. ಮಾವನಿಗೆ ಏನೂ ಹೇಳಲಿಲ್ಲ.

ಐದು ಗಂಟೆ ಹತ್ತು ನಿಮಿಷಕ್ಕೆ ಮಾವನ ಕೋಣೆಯಿಂದ ಅಮ್ಮನಿಗೆ ಫೋನ್ ಮಾಡಿದೆ. ಬ್ರಹ್ಮಾವರದಲ್ಲಿ ಆಗ ಮಧ್ಯಾಹ್ನ ಎರಡು ನಲವತ್ತು. ಹೊಲಿಗೆ ಯಂತ್ರದ ಸದ್ದು ಕೇಳುತ್ತಿತ್ತು.

"ಅಮ್ಮ, ಇಲ್ಲೊಂದ್ ದೇವಿ ಗುಡಿ ಇತ್ತ್. ಸಮುದ್ರದ್ ದೇವಿ. ನಿನ್ ಆಪರೇಷನ್ ಬಗ್ಗೆ ಪ್ರಸಾದ ಕೇಂಡೆ. ಬಲಕ್ಕೆ ಬಿತ್ತ್."

ಯಂತ್ರ ನಿಂತಿತು. "ಯಾರ್ ಕೇಂಡದ್ದ್? ಭಟ್ರಾ?"

"ಇಲ್ಲೆ, ನಾನೇ."

"ನೀನೇ ಮುಟ್ಟಿದ್ಯಾ?"

"ಹೂಂ."

ಅವಳು ರವಿಕೆಯ ಅಳತೆ ಹೇಳುವ ಅದೇ ದನಿಯಲ್ಲಿ ಹೇಳಿದಳು: "ಸುಳ್ಳ್ ಹೇಳ್ಬೇಡ ಹೆಣೆ. ಅದ್ ಬೀಳ್ಲೇ ಇಲ್ಲೆ. ಈಗ್ಳೂ ತೋಳಿಗೆ ಸಿಕ್ಕಂಡಿತ್ತ್. ತೋಳಿನ್ ಪಟ್ಟಿ ಹೊಲ್ಗಿ ಬಿಟ್ಟ್ ದಾರ ಜೋತಾಡ್ತಿತ್ತ್, ಅದಕ್ಕ್ ಸಿಕ್ಕಂಡಿತ್ತ್."

"ನಿಂಗ್ ಹ್ಯಾಂಗ್ ಗೊತ್ತ್?"

"ಹೊಲ್ಗಿ ಬಿಟ್ಟದ್ದ್ ಕಂಡ್ರೆ ನಂಗ್ ಗೊತ್ತಾತಿಲ್ಯಾ? ಇಕಾ, ಬಾಬಿನ್ ಖಾಲಿ ಆಯ್ತ್, ಇಡ್ತೆ" ಎಂದು ಫೋನಿಟ್ಟಳು.

ಹೂವು ತೋಳಿನ ಮೇಲೆ ನಿಂತದ್ದನ್ನು ನಾನು ಕಂಡಿದ್ದೆ. ಯಾಕೆ ನಿಂತಿತು ಎಂದು ನೋಡಿರಲಿಲ್ಲ. ದಾರ ನನ್ನ ಕಣ್ಣಿಗೆ ಬಿದ್ದಿರಲೇ ಇಲ್ಲ. ಮೊದಲು ಮಾಡಿದ ಕೆಲಸ ಮಾವನನ್ನು ಹಿಡಿದು ಕೇಳಿದ್ದು. "ನೀ ಅಮ್ಮನಿಗ್ ಫೋನ್ ಮಾಡಿದ್ಯಾ?" ಅವನು ಕಕ್ಕಾಬಿಕ್ಕಿಯಾದ. "ನಾ ಎಂತ ಅಂತ್ ಹೇಳುದ್ ಮಾರಾಯ್ತಿ? ಒಳಗೇ ಬರ್ಲಿಲ್ಲೆ ಅಲ್ದಾ! ಮೂಕಾಂಬಿಕೆ ಆಣೆ." ಎರಡನೆಯದಾಗಿ ಡೈರಿ ತೆಗೆದು ಅಮ್ಮನ ಮಾತನ್ನು ಬರೆದೆ. ಆ ಸಾಲು ಈಗ ನನ್ನೆದುರಿಗಿದೆ: "ಹೊಲಿಗೆ ಬಿಟ್ಟು ದಾರ ಜೋತಾಡುತ್ತಿದೆಯಂತೆ. ನಾಳೆ ನೋಡಬೇಕು." ಈ ಇಡೀ ಪ್ರಕರಣದಲ್ಲಿ ನಾನು ನಂಬುವ ಸಾಕ್ಷಿ ಅದೊಂದೇ, ಯಾಕೆಂದರೆ ಅದನ್ನು ಬರೆದಾಗ ನಾಳೆ ಇನ್ನೂ ಆಗಿರಲಿಲ್ಲ.

ಮರುದಿನ ಮಧ್ಯಾಹ್ನ, ಆಚೆ ದಡದಲ್ಲಿ ವಿಮಾನ ಹಿಡಿಯುವುದಕ್ಕೆ, ನನ್ನ ಹಡಗು. ಬೆಳಿಗ್ಗೆ ಎಂಟಕ್ಕೆ ಮತ್ತೆ ಆ ಗುಡಿಗೆ ಹೋದೆವು. ಮಾವ ಬರೀ ಚಹಾ ಕುಡಿದಿದ್ದ, ಸ್ನಾನ ಮಾಡಿ ಹಣೆಗೆ ಕುಂಕುಮ ಇಟ್ಟಿದ್ದ. ಈ ಸಲ ಒಳಗೆ ಬಂದ. ನೆಲ ಗುಡಿಸಿ ಆಗಿತ್ತು. ಹಂದಿ ಇರಲಿಲ್ಲ. ಹಿಂದಿನ ದಿನದ ಹೂವು, ಬೂದಿ, ಹಣ್ಣು ಎಲ್ಲ ತೆಗೆದಾಗಿತ್ತು. ನನ್ನ ಸಂಪಿಗೆ ಮಾತ್ರ ದೇವಿಯ ಬಲತೋಳಿನ ಅಂಚಿನಲ್ಲಿ, ಎಸಳಿನ ತುದಿ ಕಂದಾಗಿ, ಹಾಗೆಯೇ ಇತ್ತು. ಹತ್ತಿರ ಹೋಗಿ ಬಗ್ಗಿ ನೋಡಿದೆ. ತೋಳಿನ ಪಟ್ಟಿಯ ಹೊಲಿಗೆ ಎರಡು ಬೆರಳಿನಷ್ಟು ಬಿಚ್ಚಿಕೊಂಡಿತ್ತು. ಅಲ್ಲಿಂದ ಇಳಿದ ಕೆಂಪು ದಾರ ಹೂವಿನ ತೊಟ್ಟಿಗೆ ಒಂದು ಸುತ್ತು ಬಂದಿತ್ತು.

ಒಂದು ಹೆಜ್ಜೆ ಹಿಂದೆ ಸರಿದೆ. ಅದು ಹೆದರಿಕೆಯೇ ಇರಬೇಕು. ಆದರೆ ಅದರ ಹಿಂದೆಯೇ ಬಂದದ್ದು ಸಿಟ್ಟು. ಇಪ್ಪತ್ತಾರನೆಯ ವಯಸ್ಸಿನಿಂದ ಒಳಗಿಟ್ಟುಕೊಂಡಿದ್ದ ಸಿಟ್ಟು. ಅಲ್ಲಿ ಹೂವನ್ನು ಎಡಕ್ಕೆ ಬೀಳಿಸುತ್ತೀ, ಇಲ್ಲಿ ಬೀಳಿಸುವುದೇ ಇಲ್ಲ. ನಿನ್ನ ಅಪ್ಪಣೆ ಕಾಯುತ್ತ ನನ್ನ ಅಮ್ಮನ ಎದೆಯಲ್ಲಿ ಒಂದು ಗಂಟು ದಿನ ದಿನ ಬೆಳೆಯಬೇಕೆ? ಕಡಲಿಗೆ ಹೋದವರನ್ನು ಕಾಯುವವಳು ನೀನಾದರೆ ಅವರನ್ನು ಕಾಯಿ, ನನ್ನ ಅಮ್ಮನ ವಿಷಯದಲ್ಲಿ ನನಗೆ ಅಡ್ಡ ಬರಬೇಡ. ಇಷ್ಟನ್ನೂ ಬಾಯಿಬಿಟ್ಟು ಹೇಳಿದೆನೋ ಮನಸ್ಸಿನಲ್ಲೇ ಅಂದುಕೊಂಡೆನೋ ಗೊತ್ತಿಲ್ಲ. ಜೋರಾಗಿಯೇ ಹೇಳಿದೆ, ಅದೂ ಅಪ್ಪಟ ಕುಂದಾಪ್ರ ಕನ್ನಡದಲ್ಲಿ, ಎಂದು ಮಾವ ಈಗಲೂ ಹೇಳುತ್ತಾನೆ. ಆದರೆ ಅವನ ಸಾಕ್ಷ್ಯ ಪ್ರತಿ ವರ್ಷ ಸ್ವಲ್ಪ ಉದ್ದವಾಗುತ್ತದೆ. ಕಳೆದ ಸಲ ಊರಿಗೆ ಬಂದಾಗ ದೇವಿ ಕಣ್ಣು ಪಿಳುಕಿಸಿದಳು ಎಂಬುದೂ ಸೇರಿತ್ತು.

ನಾನು ಮಾಡಿದ್ದು ಇಷ್ಟು. ಕೈ ಚಾಚಿ, ದಾರವನ್ನು ಉಗುರಿನಲ್ಲಿ ಒತ್ತಿ ಹಿಡಿದು, ಹರಿದೆ. ಹೂವು ದೇವಿಯ ಬಲಗಡೆ ನೆಲಕ್ಕೆ ಬಿತ್ತು.

"ಅಯ್ಯಯ್ಯೋ, ಎಂತ ಮಾಡ್ದೆ ನೀ!" ಮಾವನ ಕೈ ಕೆನ್ನೆಗೆ ಹೋಗಿತ್ತು. "ಕ್ಷಮಿಸ್ ಅಂತ್ ಹೇಳ್, ಬೇಗ ಹೇಳ್!"

ನಾನು ಹೇಳಲಿಲ್ಲ. ಮುದುಕಿ ಕುರ್ಚಿಯಿಂದ ಎದ್ದಳು. ಪೊರಕೆ ತಂದು, ಹೂವನ್ನು ಮೊರಕ್ಕೆ ಎಳೆದು, ಹೊರಗೆ ಚೆಲ್ಲಿ ಬಂದು ಮತ್ತೆ ಕೂತಳು. ನಿನ್ನೆಯಿಂದ ಅರ್ಧ ಉಳಿದಿದ್ದ ಕೆಲಸವೊಂದು ಮುಗಿಯಿತು ಎಂಬಂತೆ ಇತ್ತು ಅವಳ ಮುಖ. ದಾರ ನನ್ನ ಬೆರಳಿನಲ್ಲೇ ಉಳಿದಿತ್ತು.

ಹಡಗು ಕಟ್ಟೆಯಿಂದ ಅಮ್ಮನಿಗೆ ಫೋನ್ ಮಾಡಿದೆ. ಹಲೋ ಎನ್ನುವ ಮೊದಲೇ ಅವಳು ಕೇಳಿದಳು.

"ಬಿತ್ತಾ?"

"ಬಿತ್ತ್. ದೇವಿ ಬಲಕ್ಕೆ."

"ಬಿದ್ದದ್ದಾ, ನೀ ಬೀಳ್ಸದ್ದಾ?"

ನಿನ್ನೆ ಸುಳ್ಳು ಹೇಳಿದ ಬಾಯಿ ಇದೇ. ಇನ್ನೊಂದು ಹೇಳುವುದು ಕಷ್ಟವಿರಲಿಲ್ಲ. ಯಾಕೋ ಹೇಳಲಿಲ್ಲ. "ನಾನೇ ಬೀಳ್ಸದ್ದ್. ದಾರ ಹರ್ದೆ" ಎಂದೆ. ಇಷ್ಟರ ಮೇಲೆ ಅವಳು ಎಂದೆಂದಿಗೂ ಒಪ್ಪುವುದಿಲ್ಲ, ಎಲ್ಲ ಮುಗಿಯಿತು ಎಂದು ಗೊತ್ತಿದ್ದೇ ಹೇಳಿದೆ.

ಆ ಕಡೆಯಿಂದ ಕತ್ತರಿಯನ್ನು ಮೇಜಿನ ಮೇಲಿಟ್ಟ ಸದ್ದು.

"ಹ್ಞೂಂ" ಎಂದಳು. "ಆಸ್ಪತ್ರಿಗ್ ಯಾವತ್ತ್ ಹೋಪುದ್?"

ಹೋದೆವು. ಆಪರೇಷನ್ ಆಯಿತು. ಆಮೇಲಿನ ತಿಂಗಳುಗಳು ಸುಲಭದವಾಗಿರಲಿಲ್ಲ. ಅದು ಬೇರೆ ಕಥೆ, ಅದರಲ್ಲಿ ವಿಚಿತ್ರವೇನೂ ಇಲ್ಲ. ಅಮ್ಮ ಈಗ ಚೆನ್ನಾಗಿದ್ದಾಳೆ. ಇದನ್ನು ಬರೆಯುವಾಗಲೂ ಒಳಕೋಣೆಯಲ್ಲಿ ಯಂತ್ರದ ಸದ್ದಿದೆ.

ಅವಳನ್ನು ಎಷ್ಟೋ ಸಲ ಕೇಳಿದ್ದೇನೆ. ದಾರದ ವಿಷಯ ನಿನಗೆ ಹೇಗೆ ಗೊತ್ತಾಯಿತು? ಕೊಡುವ ಉತ್ತರ ಒಂದೇ: "ನಾ ಹಾಂಗ್ ಹೇಳಿದ್ನಾ? ನೆನಪಿಲ್ಲೆ ಮಾರಾಯ್ತಿ." ಯಾಕೆ ಒಪ್ಪಿದೆ ಎಂದರೆ, "ನೀ ಅಷ್ಟ್ ದೂರ ಹೋಯ್ ದೇವ್ರ ಹತ್ರ ಜಗಳ ಮಾಡಿ ಬಂದೆ. ಇನ್ನ್ ನಿನ್ ಹತ್ರ ನಾ ಎಂತ ಜಗಳ ಮಾಡುದ್?" ಎನ್ನುತ್ತಾಳೆ. ಮೊದಲನೆಯದಕ್ಕೆ ಅದು ಉತ್ತರವಲ್ಲ.

ವಿವರಣೆ ಕೊಡುವವರಿಗೆ ಬರವಿಲ್ಲ. ನಮ್ಮ ಊರಿನವರ ಪ್ರಕಾರ ಆ ಕಡಲ ದೇವಿಯೂ ನಮ್ಮ ದೇವಿಯೂ ಒಬ್ಬಳೇ; ನಾನು ಮಾಡಿದ ತಪ್ಪಿಗೆ ಕೊಲ್ಲೂರಿಗೆ ಹೋಗಿ ಕಾಣಿಕೆ ಹಾಕಿ ಬರಬೇಕು. ದೊಡ್ಡಪ್ಪ ಪ್ರತಿ ನವರಾತ್ರಿಗೂ ನೆನಪಿಸುತ್ತಾರೆ. ಕೊಲ್ಲೂರಿಗೆ ಹೋಗಿದ್ದೇನೆ, ಕೈ ಮುಗಿದಿದ್ದೇನೆ. ತಪ್ಪಾಯಿತು ಎಂದು ಮಾತ್ರ ಹೇಳಿಲ್ಲ, ಹೇಳುವುದೂ ಇಲ್ಲ. ನನ್ನ ಕಾಲೇಜಿನ ಗೆಳತಿಯ ವಾದ ಬೇರೆ: ನಿನ್ನ ಅಮ್ಮ ದರ್ಜಿ, ಅವಳಿಗೆ ಜಗತ್ತಿನ ಎಲ್ಲ ಬಟ್ಟೆಯಲ್ಲೂ ಹೊಲಿಗೆ ಬಿಟ್ಟೇ ಕಾಣುವುದು, ಮಗಳ ದನಿ ಕೇಳಿದರೆ ಸುಳ್ಳು ಯಾವುದು ಎಂದು ಯಾವ ತಾಯಿಗೂ ಗೊತ್ತು, ಎರಡನ್ನೂ ಸೇರಿಸಿ ಒಂದು ಏಟು ಹೊಡೆದಳು, ತಗುಲಿತು. ಇದು ಒಳ್ಳೆಯ ವಾದ. ನಾನೇ ಆಗಿದ್ದರೂ ಇದನ್ನೇ ಹೇಳುತ್ತಿದ್ದೆ. ಆದರೆ ಅಮ್ಮ ಹೇಳಿದ್ದು ಯಾವುದೋ ಬಟ್ಟೆ, ಯಾವುದೋ ಅಂಚು ಅಂತಲ್ಲ. ತೋಳು ಎಂದಳು, ಪಟ್ಟಿ ಎಂದಳು, ಹೂವು ಇನ್ನೂ ಅಲ್ಲೇ ಇದೆ ಎಂದಳು.

ನಾನು ಹರಿದ ಆ ದಾರ ಡೈರಿಯ ಅದೇ ಪುಟದಲ್ಲಿದೆ, ಒಂದು ಗೇಣಿಗೂ ಕಡಿಮೆ. ಪರೀಕ್ಷೆ ಮಾಡುವ ಒಂದು ದಾರಿ ನನಗೆ ಗೊತ್ತು. ಅಮ್ಮನ ಡಬ್ಬಿಯಿಂದ ಹತ್ತು ಬಗೆಯ ಕೆಂಪು ದಾರ ತುಂಡು ಮಾಡಿ, ಇದನ್ನೂ ಅದರಲ್ಲಿ ಬೆರೆಸಿ, ದೇವಿಯ ತೋಳಿನದು ಯಾವುದು ಹೇಳು ಎಂದು ಕೇಳುವುದು. ಓದಿದವಳಾದ ನಾನು ಇದನ್ನು ಎಂದೋ ಮಾಡಬೇಕಿತ್ತು. ಮಾಡಿಲ್ಲ. ಹೆದರಿ ಅಲ್ಲ. ಅವಳು ಸರಿಯಾಗಿ ಆರಿಸಿದರೆ ದೊಡ್ಡಪ್ಪ ಗೆದ್ದರು, ತಪ್ಪಿದರೆ ಗೆಳತಿ ಗೆದ್ದಳು. ಅಂದು ಆ ಗುಡಿಯಲ್ಲಿ ಸಿಟ್ಟಾದವಳು ನಾನು, ದಾರ ಹರಿದವಳು ನಾನು. ಅದನ್ನು ಇವರಿಬ್ಬರಲ್ಲಿ ಯಾರಿಗೂ ಬಿಟ್ಟುಕೊಡಲು ನನಗೆ ಮನಸ್ಸಿಲ್ಲ. ಗೊತ್ತಿಲ್ಲ ಎನ್ನುವುದನ್ನು ಹೀಗೆಯೇ ಹಿಡಿದುಕೊಂಡು ಇರಬಲ್ಲೆ.

ಕಳೆದ ವಾರ ಸಂಜೆ ಅಮ್ಮ ನನ್ನ ಕೋಣೆಯ ಬಾಗಿಲಲ್ಲಿ ಬಂದು ನಿಂತಳು. ಕೈಯಲ್ಲಿ ಯಾರದೋ ಕೆಂಪು ರೇಷ್ಮೆ ರವಿಕೆ, ಹುಕ್ಕಿನ ಹತ್ತಿರ ನಾಲ್ಕು ಹೊಲಿಗೆ ಬಾಕಿ.

"ಈ ಬಣ್ಣದ್ ದಾರ ಮುಗ್ದೋಯ್ತ್" ಎಂದಳು. "ನಿನ್ ಪುಸ್ತಕದೊಳಗ್ ಒಂದ್ ತುಂಡ್ ಇತ್ತಲ್ದಾ, ಕೊಡ್ ಕಾಂಬ."

ದಾರ ಅಲ್ಲಿರುವುದನ್ನು ನಾನು ಅವಳಿಗೆ ಹೇಳಿರಲಿಲ್ಲ. ನನ್ನ ಮೇಜು ಒರೆಸುವವಳು ಅವಳೇ. ಡೈರಿ ತೆರೆದು ಬಿದ್ದಿದ್ದಾಗ ಕಂಡಿರಬಹುದು. ಹಾಗೆಯೇ ಇರಬೇಕು. ರವಿಕೆಯ ಬಣ್ಣವನ್ನು ನಾನು ಒಮ್ಮೆ ನೋಡಿದೆ, ಅಮ್ಮನ ಮುಖವನ್ನು ಒಮ್ಮೆ ನೋಡಿದೆ. ಅವಳು ಸೂಜಿ ಹಿಡಿದು ಕಾಯುತ್ತಿದ್ದಳು.

"ಇಲ್ಲೆ" ಎಂದೆ. "ಅದನ್ ನಾ ಕೊಡ್ತಿಲ್ಲೆ."